ಮಾತಾಡದ ಊರಿನಲ್ಲಿ ಕ್ರೇನಕ್ಕ

ಹಳೆಯ ಗೋದಾಮಿಗೆ ಬೀಗ ಬೀಳುತ್ತದೆ ಎಂದು ಖಚಿತವಾದ ದಿನ ಮಾಲೀಕರ ಕಡೆಯವನೊಬ್ಬ ಬಂದು ಕೆಲಸದವರನ್ನೆಲ್ಲ ಸಾಲಾಗಿ ನಿಲ್ಲಿಸಿದ. ದೇಶದ ಆ ತುದಿಯಲ್ಲಿ ಕಂಪನಿಯದೇ ಇನ್ನೊಂದು ಗೋದಾಮಿದೆ, ಅಲ್ಲಿಗೆ ಬರುವ ಮನಸ್ಸಿದ್ದವರು ಕೈ ಎತ್ತಿ ಎಂದ. ಎಲ್ಲರೂ ನೆಲ ನೋಡಿದರು. ಕೈ ಎತ್ತಿದ್ದು ಒಬ್ಬಳೇ, ಕ್ರೇನಕ್ಕ. ಎತ್ತಿದ ಮೇಲೆ ಆ ಕೈ ಬೇರೆ ಯಾರದೋ ಎಂಬಂತೆ ಅವಳೇ ಅದನ್ನು ತಿರುಗಿ ನೋಡಿದಳು.

ಅವಳಿಗೆ ಅಪ್ಪ ಅಮ್ಮ ಇಟ್ಟ ಹೆಸರು ಒಂದಿತ್ತು. ಆದರೆ ಚಾವಣಿಗೆ ಅಂಟಿಕೊಂಡು ಓಡಾಡುವ ದೊಡ್ಡ ಕ್ರೇನಿನ ಕ್ಯಾಬಿನ್ನಿನಲ್ಲಿ ಕೂತು, ಕಬ್ಬಿಣದ ಪೈಪುಗಳ ಕಟ್ಟನ್ನು ಮಲಗಿದ ಮಗುವನ್ನು ಮಂಚ ಬದಲಿಸಿ ಮಲಗಿಸುವಷ್ಟು ಹಗುರವಾಗಿ ಎತ್ತಿ ಇಡುತ್ತಿದ್ದ ಹೆಂಗಸನ್ನು ಆ ಹೆಸರಿನಿಂದ ಕರೆಯುವವರು ಮನೆಯಲ್ಲೂ ಉಳಿದಿರಲಿಲ್ಲ. ಮದುವೆಗೆ ಮುಂಚೆ ಕಲಿತ ಕೆಲಸ. ತಲೆಯಲ್ಲಿ ಬಿಳಿ ಕೂದಲು ಕಾಣಿಸಿಕೊಳ್ಳುವ ಕಾಲದಲ್ಲಿ ಇನ್ನೊಂದು ಕಸುಬು ಕಲಿಯುವುದು ಅವಳಿಂದ ಆಗುವ ಮಾತಾಗಿರಲಿಲ್ಲ.

ಗಂಡ ಟೈಲರ್. "ಹೊಲಿಗೆ ಮಿಷನ್ ಎಲ್ಲಿಟ್ರೂ ಹೊಲಿಯುತ್ತೆ. ಜನ ಎಲ್ಲಿದ್ರೂ ಬಟ್ಟೆ ಹಾಕ್ಕೊಳ್ಳಲೇಬೇಕು" ಅಂದ. ಅತ್ತೆ ಅಷ್ಟನ್ನೂ ಕೇಳಲಿಲ್ಲ. ಮರುದಿನವೇ ಪಾತ್ರೆಗಳನ್ನು ಹಳೇ ಸೀರೆಯಲ್ಲಿ ಸುತ್ತಲು ಕೂತರು. ಮಕ್ಕಳಿಲ್ಲದ ಮನೆ ಎಂದು ಹೊರಗಿನವರಿಗೆ ತಿಳಿಯದಷ್ಟು ಗಲಾಟೆಯನ್ನು ಅವರೊಬ್ಬರೇ ಮಾಡುತ್ತಿದ್ದರು.

ರೈಲು ಹೋಗುತ್ತಲೇ ಇತ್ತು. ಒಂದೊಂದು ದೊಡ್ಡ ಸ್ಟೇಷನ್ ಬಂದಾಗಲೂ ಬಾಯಿ ಬಿಟ್ಟು ಮಾತಾಡುವ ಜನ ಇಳಿದು, ತುಟಿ ಬಿಗಿದ ಜನ ಹತ್ತಿದರು. ಮೊದಲ ದಿನ ಬೋಗಿಯಲ್ಲಿ ಜಗಳ, ನಗು, ಒಬ್ಬರ ಡಬ್ಬಿಯಿಂದ ಇನ್ನೊಬ್ಬರ ತಟ್ಟೆಗೆ ಊಟ. ಕೊನೆಯ ದಿನದ ಹೊತ್ತಿಗೆ ಇಡೀ ಬೋಗಿಯಲ್ಲಿ ಕೇಳುತ್ತಿದ್ದದ್ದು ಅತ್ತೆಯ ದನಿ ಒಂದೇ. ಎದುರು ಸೀಟಿನವರು ಅವರ ಬಾಯಿಯನ್ನೇ ನೋಡುತ್ತಿದ್ದರು. 

ಹೊಸ ಊರಿನಲ್ಲಿ ಭಾಷೆ ಅದೇ. ಅಕ್ಷರ ಅದೇ. ಆದರೆ ಮಾತುಗಳು ಬೇರೆ ಮನೆಗೆ ಸೊಸೆಯಾಗಿ ಹೋದ ಹೆಣ್ಣುಮಕ್ಕಳ ಹಾಗಿದ್ದವು. ಮುಖ ಗುರುತು ಸಿಗುತ್ತಿತ್ತು, ನಡವಳಿಕೆ ಗೊತ್ತಾಗುತ್ತಿರಲಿಲ್ಲ.

ಮನೆ ಮಾಲೀಕನಿಗೆ ಅಡುಗೆಮನೆಯ ಮಾಡು ಸೋರುತ್ತದೆ ಎಂದು ಹೇಳಿದಳು. ಅವನು ಮೃದುವಾಗಿ, "ನೋಡೋಣ" ಅಂದ. ಅವಳ ಊರಿನಲ್ಲಿ ನೋಡೋಣ ಅಂದರೆ ನಾಳೆ ಬೆಳಿಗ್ಗೆ ಆಳು ಬಂದ ಹಾಗೆಯೇ ಲೆಕ್ಕ. ಬಕೆಟ್ ಇಟ್ಟು ಕಾದಳು. ವಾರಗಳು ಕಳೆದವು. "ನೋಡ್ತಾನೇ ಇದಾನೆ ಪಾಪ, ದೂರದಿಂದ" ಅಂದರು ಅತ್ತೆ. ಇಲ್ಲಿಯವರು ಮುಖಕ್ಕೆ ಹೊಡೆದ ಹಾಗೆ ಇಲ್ಲ ಅನ್ನುವುದಿಲ್ಲ, ಅದರ ಬದಲು ನೋಡೋಣ ಅನ್ನುತ್ತಾರೆ ಎಂಬುದು ಅವಳಿಗೆ ತಿಳಿದದ್ದು ಎಷ್ಟೋ ತಿಂಗಳ ಮೇಲೆ.

ಎದುರು ಮನೆಯ ಹೆಂಗಸು ಬಟ್ಟೆ ಒಣಹಾಕುತ್ತಿದ್ದಾಗ ಕ್ರೇನಕ್ಕ, "ಚೆನ್ನಾಗಿದೀರಾ?" ಅಂದಳು. ಆಕೆ ನೋಡಿದಳು. ಬಹಳ ಹೊತ್ತು ನೋಡಿದಳು. ಗದ್ದವನ್ನು ಒಂದಿಷ್ಟು ಮೇಲೆತ್ತಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಚಿಲಕ ಬಿದ್ದ ಸದ್ದು ರಸ್ತೆ ದಾಟಿ ಬಂತು. ಕತ್ತಲಾಗುತ್ತಿದ್ದಂತೆ ಬೀದಿಯುದ್ದಕ್ಕೂ ಚಿಲಕಗಳು ಒಂದಾದ ಮೇಲೊಂದು ಬೀಳುತ್ತಿದ್ದವು. ಪ್ರತಿಯೊಂದೂ ತನ್ನನ್ನು ನೋಡಿಯೇ ಬಿತ್ತು ಎಂದು ಅವಳಿಗೆ ಅನ್ನಿಸುತ್ತಿತ್ತು.

ಗೋದಾಮಿನಲ್ಲಿ ಇನ್ನೂ ಕಷ್ಟ. ಹಳೆಯ ಕಡೆ ಕೆಳಗಿನಿಂದ ಕೂಗು, ಬೈಗುಳ, ಹಾಡು, ಅಶ್ಲೀಲ ಹಾಸ್ಯ ಎಲ್ಲ ಹೊಗೆಯ ಹಾಗೆ ಕ್ಯಾಬಿನ್ನಿಗೆ ಏರಿ ಬರುತ್ತಿತ್ತು. ಇಲ್ಲಿ ಸಾವಿನ ಮನೆಯಲ್ಲಿ ಪಾತ್ರೆ ತೊಳೆಯುವವರ ಹಾಗೆ ಸದ್ದಿಲ್ಲದೆ ಕೆಲಸ. ಊಟದ ಹೊತ್ತಿಗೆ ಅವಳು ಇಳಿದು ಬಂದರೆ ಬೆಂಚಿನ ಮೇಲಿದ್ದವರೆಲ್ಲ ಒಮ್ಮೆಲೇ ಎದ್ದು ಪಕ್ಕಕ್ಕೆ ಸರಿಯುತ್ತಿದ್ದರು. ಎರಡು ದಿನ ಅಲ್ಲಿ ಕೂತಳು.  ಮೂರನೆಯ ದಿನದಿಂದ ಡಬ್ಬಿಯನ್ನು ಕ್ಯಾಬಿನ್ನಿಗೇ ತೆಗೆದುಕೊಂಡು ಹೋದಳು.

"ಅವರು ಏನಾದ್ರೂ ಅಂದ್ರೆ ತಿರುಗಿಸಿ ಅನ್ನಬಹುದು ರೀ" ಅಂದಳು ಗಂಡನಿಗೆ. "ಏನೂ ಅನ್ನಲ್ಲ. ನೋಡ್ತಾರೆ. ಮನಸ್ಸಿನಲ್ಲಿ ಏನಿದೆ ಅಂತ ಹೇಗೆ ಗೊತ್ತಾಗ್ಬೇಕು?"

ಗಂಡ ಸೂಜಿಗೆ ದಾರ ಪೋಣಿಸುತ್ತಿದ್ದ. ಅವನಿಗೂ ಗಿರಾಕಿಗಳಿರಲಿಲ್ಲ. "ಹೊಸಬರು ಅಂತ. ಸರಿಹೋಗುತ್ತೆ" ಅಂದ. ಆ ಮಾತನ್ನು ಅವನೂ ನಂಬಿರಲಿಲ್ಲ.

ಅವಳ ಕೆಲಸಕ್ಕೆ ಜೊತೆಯಾಗಿದ್ದವರು ಇಬ್ಬರು ಅಣ್ಣತಮ್ಮಂದಿರು. ಗೋದಾಮಿನಲ್ಲಿ ಎಲ್ಲರೂ ಅವರನ್ನು ದೊಡ್ಡವನು, ಚಿಕ್ಕವನು ಎಂದೇ ಕರೆಯುತ್ತಿದ್ದರು. ಚಿಕ್ಕವನು ಪೈಪಿನ ಕಟ್ಟುಗಳಿಗೆ ಸರಪಳಿ ಬಿಗಿದು ಕೊಕ್ಕೆಗೆ ಸಿಕ್ಕಿಸುತ್ತಿದ್ದ. ದೊಡ್ಡವನು ಕೆಳಗೆ ನಿಂತು ಕೈಸನ್ನೆಯಲ್ಲಿ ಅವಳಿಗೆ ದಾರಿ ತೋರಿಸುತ್ತಿದ್ದ. ಅವನು ಪೈಪು ಪೇರಿಸಿಟ್ಟ ಅಟ್ಟಿಗಳ ಹಿಂದೆ ಹೋದಾಗ ಕೈ ಕಾಣುತ್ತಿರಲಿಲ್ಲ, ಆಗ ಮಾತ್ರ ವಾಕಿಟಾಕಿ. ಅದರಲ್ಲಿ ಮರ್ಯಾದೆಯ ಮಾತಿಗೆ ಜಾಗವಿಲ್ಲ. ಎತ್ತು. ಇಳಿಸು. ನಿಲ್ಸು. ದಿನವಿಡೀ ದೊಡ್ಡವನ ಬಾಯಿಂದ ಅವಳು ಕೇಳುತ್ತಿದ್ದದ್ದು ಈ ಮೂರೇ ಮಾತು. ಸಂಜೆ ಎದುರಾದರೆ ಅವನು ಗದ್ದ ಎತ್ತಿ ಹೋಗುತ್ತಿದ್ದ.

ಅದು ಆದದ್ದು ಒಂದು ಮಧ್ಯಾಹ್ನ. ಹಿಂದಿನ ಅಟ್ಟಿಯ ಮರೆಯಲ್ಲಿ ಕಟ್ಟೊಂದನ್ನು ಮರದ ದಿಮ್ಮಿಗಳ ಮೇಲೆ ಇಡಬೇಕಾಗಿತ್ತು. ಇಳಿಸು, ಇಳಿಸು ಎಂದು ದೊಡ್ಡವನ ದನಿ ಬರುತ್ತಿತ್ತು. ಇನ್ನೊಂದು ಗೇಣು ಇಳಿದರೆ ದಿಮ್ಮಿ ಮುಟ್ಟುತ್ತದೆ ಅನ್ನುವಾಗ ಒಂದು ದಿಮ್ಮಿ ಓರೆಯಾಗಿರುವುದು ಚಿಕ್ಕವನ ಕಣ್ಣಿಗೆ ಬಿತ್ತು. ಯಾರಿಗೂ ಹೇಳದೆ ಎಡಗಾಲು ಚಾಚಿ ಅದನ್ನು ಒಳಗೆ ತಳ್ಳಲು ಹೋದ. ಅದನ್ನು ಕಂಡ ದೊಡ್ಡವನ ಜೀವ ಬಾಯಿಗೆ ಬಂತು.

"ಬಿಡು! ಬಿಡು ಬಿಡು!"

ಕ್ರೇನಕ್ಕನ ಕೈ ಅವಳ ಬುದ್ಧಿಗಿಂತ ಮುಂಚೆ ಆ ಮಾತನ್ನು ಕೇಳಿತು. ಹಳೆಯ ಗೋದಾಮಿನಲ್ಲಿ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಕೆಳಗಿನಿಂದ ಬಿಡು ಎಂದು ಕೂಗಿದಾಗಲೆಲ್ಲ ಮಾಡಿದ್ದನ್ನೇ ಆ ಕೈ ಮಾಡಿತು. ಕಟ್ಟನ್ನು ಕೆಳಗೆ ಬಿಟ್ಟಿತು.

ಭಾರ ನೆಲ ಸೇರಿದಾಗ ಕ್ಯಾಬಿನ್ನಿಗೆ ಬರುವ ಕುಲುಕು ಅವತ್ತು ಎಂದಿನಂತಿರಲಿಲ್ಲ. ಆಮೇಲೆ ಚೀರಾಟ. ಆ ಊರಿಗೆ ಬಂದ ಮೇಲೆ ಅವಳು ಕೇಳಿದ ಮೊದಲ ಜೋರು ದನಿ ಅದು.

"ಎತ್ತು! ಎತ್ತು!"

ಎತ್ತಿದಳು. ಜನ ಓಡಿದರು. ಯಾರೋ ಶರ್ಟು ಹರಿದು ಕಟ್ಟಿದರು, ಯಾರೋ ಗಾಡಿ ತಂದರು. ಗಾಡಿ ಹೋದ ಮೇಲೆ ಉಳಿದವರೆಲ್ಲ ಒಬ್ಬೊಬ್ಬರಾಗಿ ತಲೆಯೆತ್ತಿ ಕ್ಯಾಬಿನ್ನಿನ ಕಡೆ ನೋಡಿದರು.  ಬೈದಿದ್ದರೆ ಅವಳು ಅತ್ತು ಹಗುರಾಗುತ್ತಿದ್ದಳೇನೋ. ದಿನವೂ ಮೆಟ್ಟಿಲಿಳಿದಷ್ಟು ಸಲೀಸಾಗಿ ಇಳಿಯುತ್ತಿದ್ದ ಕಬ್ಬಿಣದ ಏಣಿಯನ್ನು ಅವತ್ತು ಎರಡೂ ಕೈಯಲ್ಲಿ ಅಪ್ಪಿಕೊಂಡು ಇಳಿದಳು.

ಸೂಪರ್‌ವೈಸರ್ ಅವಳ ಮುಖ ನೋಡದೆ ಹೇಳಿದ. "ಮನೆಗೆ ಹೋಗಿ. ನೋಡೋಣ."

ಯಾವ ನೋಡೋಣ? ಕೇಳಲು ಬಾಯಿ ಬರಲಿಲ್ಲ. ಡಬ್ಬಿ, ಚಪ್ಪಲಿ ಎಲ್ಲ ಅಲ್ಲೇ ಬಿಟ್ಟು, ಕೆಲಸದ ಬೂಟಿನಲ್ಲೇ ಮನೆಗೆ ನಡೆದಳು.

"ಅವರು ಬಿಡು ಅಂದ್ರು ಅತ್ತೆ. ನಾನು ಬಿಟ್ಟೆ."

"ಮತ್ತೇನು? ಬಿಡು ಅಂದ್ಮೇಲೂ ಹಿಡ್ಕೊಂಡು ಕೂರಕ್ಕಾಗುತ್ತಾ?" ಅಂದರು ಅತ್ತೆ. ಅವರಿಗೆ ಅದು ಅಷ್ಟು ಸುಲಭ.

ಕ್ರೇನಕ್ಕನಿಗೆ ಸುಲಭವಾಗಲಿಲ್ಲ. ಸ್ವಂತ ತಮ್ಮನ ಕಾಲು ಅಡಿಯಲ್ಲಿರುವಾಗ ಅಣ್ಣ ಬಿಡು ಎಂದು ಯಾಕೆ ಅನ್ನುತ್ತಾನೆ? ಹಾಗಾದರೆ ಅವನು ಹಾಗೆ ಅನ್ನಲೇ ಇಲ್ಲವೇ? ತನ್ನ ಕಿವಿಯೇ ತಪ್ಪಿತೇ? ನಾಳೆ ಅವನು ನಾನು ಹಾಗೆ ಹೇಳಲಿಲ್ಲ ಅಂದರೆ ಹೊರಗಿನಿಂದ ಬಂದವಳ ಮಾತನ್ನು ನಂಬುವವರು ಯಾರು? ಅಕ್ಕಿ ತೊಳೆಯುತ್ತ ಅದನ್ನೇ ಯೋಚಿಸಿದಳು. ತೊಳೆದ ಅಕ್ಕಿಯನ್ನೇ ಮತ್ತೆ ತೊಳೆದಳು.

ಮರುದಿನ ಗಂಡ, "ಆಸ್ಪತ್ರೆಗೆ ಹೋಗಿ ನೋಡಿಕೊಂಡು ಬರೋಣ. ಅದು ಮನುಷ್ಯರು ಮಾಡೋ ಕೆಲಸ" ಅಂದ. ಹೋದರು. ಉದ್ದನೆಯ ವಾರ್ಡು. ಕೊನೆಯ ಮಂಚದಲ್ಲಿ ಚಿಕ್ಕವನು ಮಲಗಿದ್ದ, ಎಡಗಾಲಿನ ಜಾಗದಲ್ಲಿ ದಪ್ಪನೆಯ ಬಿಳಿ ಉಂಡೆ. ಸುತ್ತ ದೊಡ್ಡವನು, ಇನ್ನಷ್ಟು ಗಂಡಸರು, ಹೆಂಗಸರು. ಬಾಗಿಲಿನಲ್ಲಿ ಅವಳನ್ನು ಕಂಡದ್ದೇ ತಡ, ಕೂತಿದ್ದವರೆಲ್ಲ ಒಟ್ಟಿಗೆ ಎದ್ದು ನಿಂತರು. ಸ್ಟೂಲು ಹಿಂದಕ್ಕೆ ಸರಿದ ಸದ್ದು ಕೇಳಿತು. ಅವಳ ಊರಿನಲ್ಲಿ ಒಬ್ಬರನ್ನು ಕಂಡು ಇಡೀ ಮನೆತನ ಎದ್ದು ನಿಂತರೆ ಅದು ಒಂದೇ ಕೆಲಸಕ್ಕೆ, ಹೊಡೆಯಲು. ಕ್ರೇನಕ್ಕ ಗಂಡನ ಕೈ ಹಿಡಿದು ಎಳೆದುಕೊಂಡು ಓಡಿದಳು. ಮೆಟ್ಟಿಲಿನಲ್ಲಿ ಹಿಂದೆ ಯಾರೋ ಬರುವ ಹೆಜ್ಜೆ ಕೇಳಿಸಿತು. ತಿರುಗಿ ನೋಡಲಿಲ್ಲ.

"ನಮ್ಮನ್ನ ಕರೀತಿದ್ರೇನೋ ಕಣೇ" ಅಂದ ಗಂಡ, ಬಸ್ಸಿನಲ್ಲಿ.

"ಕರೆದು ಏನು ಮಾಡ್ತಿದ್ರು?"

ಗಂಡ ಟಿಕೆಟ್ಟನ್ನು ಮಡಚಿ ಜೇಬಿಗೆ ಹಾಕಿದ.

ಮನೆಯೊಳಗೇ ದಿನಗಳು ಕಳೆದವು. ರಸ್ತೆಯಾಚೆ ಯಾರಾದರೂ ನಿಂತರೆ ಅವಳು ಕಿಟಕಿಯಿಂದ ಸರಿಯುತ್ತಿದ್ದಳು. ಒಂದು ಬೆಳಿಗ್ಗೆ ಬಾಗಿಲು ಬಡಿದ ಸದ್ದು. ಗಂಡ ತೆಗೆದಾಗ ಯಾರೂ ಇಲ್ಲ. ಹೊಸ್ತಿಲಿನ ಹತ್ತಿರ ಒಂದು ಚೀಲ. ಒಳಗೆ ಅವಳ ಚಪ್ಪಲಿ, ಅವಳ ಊಟದ ಡಬ್ಬಿ. ಡಬ್ಬಿಯನ್ನು ಥಳಥಳ ಹೊಳೆಯುವ ಹಾಗೆ ತೊಳೆದಿದ್ದರು.

"ನೋಡಿ, ಸಾಮಾನು ಕಳಿಸಿಬಿಟ್ರು" ಅಂದಳು ಕ್ರೇನಕ್ಕ. ಅವಳ ತುಟಿ ಬಿಳಿಚಿತ್ತು. "ಇನ್ನು ಈ ಕಡೆ ಬರ್ಬೇಡ ಅಂತ. ನಡೀರಿ, ಊರಿಗೆ ಹೋಗೋಣ. ಇವತ್ತೇ."

"ಊರಲ್ಲಿ ಏನಿದೆ? ಬೀಗ ಇದೆ" ಅಂದ ಗಂಡ.

"ತಪ್ಪಿಸ್ಕೊಂಡು ಓಡಿದಳು ಅಂತ ಆಗುತ್ತೆ" ಅಂದರು ಅತ್ತೆ. "ಅಲ್ಲಾ, ಹೊಡೆಯೋ ಜನ ಡಬ್ಬಿ ತೊಳೆದು ಕಳಿಸ್ತಾರೇನೇ? ನಿನ್ನ ಗಂಡ ಇಷ್ಟು ವರ್ಷದಲ್ಲಿ ಒಂದು ದಿನ ತೊಳೆದಿದಾನಾ?"

ಆ ಮಾತು ಅವಳ ಕಿವಿಗೆ ಬಿದ್ದು ಜಾರಿಹೋಯಿತು. ಹೆದರಿದವಳಿಗೆ ಹಗ್ಗವೂ ಹಾವೇ.

ಅದಾದ ಎರಡು ಮೂರು ದಿನಕ್ಕೆ, ದೀಪ ಹಾಕುವ ಹೊತ್ತಿನಲ್ಲಿ ಅವರು ಬಂದರು. ದೊಡ್ಡವನು, ಚಿಕ್ಕವನ ಹೆಂಡತಿ, ಅವರ ಸೋದರಮಾವನಂತೆ ಕಾಣುವ ಒಬ್ಬ ಮುದುಕ. ಬಾಗಿಲು ತೆರೆದದ್ದು ಗಂಡ. ಮಿಷನ್ನಿನ ಪಕ್ಕದ ಬೆಂಚು ತೋರಿಸಿದ. ಮೂವರೂ ಕೂತರು. ಕ್ರೇನಕ್ಕ ಅಡುಗೆಮನೆಯ ಬಾಗಿಲಿನ ಸಂದಿಯಲ್ಲಿ ನಿಂತಿದ್ದಳು. ಕೈಯಲ್ಲಿ ಯಾಕೋ ಸೌಟು.

ಯಾರೂ ಮಾತಾಡಲಿಲ್ಲ.

ದೊಡ್ಡವನು ತನ್ನ ಮೊಣಕಾಲನ್ನು ಉಜ್ಜುತ್ತಿದ್ದ. ಮುದುಕ ಗೋಡೆ ನೋಡುತ್ತಿದ್ದ. ಚಿಕ್ಕವನ ಹೆಂಡತಿಯ ಕಣ್ಣು ಮಾತ್ರ ಅಡುಗೆಮನೆಯ ಸಂದಿಯ ಮೇಲೆಯೇ ಇತ್ತು. ಗಂಡನಿಗೆ ಏನು ಮಾಡಬೇಕೆಂದು ತಿಳಿಯದೆ ಮಿಷನ್ನಿನ ಮುಂದೆ ಕೂತು ಒಂದು ಚಿಂದಿಗೆ ಹೊಲಿಗೆ ಹಾಕತೊಡಗಿದ. ಟರ್ ಎಂದು ಓಡುವುದು, ನಿಲ್ಲುವುದು. ನಿಂತಾಗ ಮಾಡಿನಿಂದ ಬಕೆಟ್ಟಿಗೆ ಹನಿ ಬೀಳುವುದು ಕೇಳಿಸುತ್ತಿತ್ತು.  ಬಂದವರು ಬಾಯಿ ಬಿಡುತ್ತಿಲ್ಲ ಅಂದರೆ ಮಾತಿನಲ್ಲಿ ಮುಗಿಯುವ ವಿಷಯ ಇದಲ್ಲ ಎಂದೇ ಅವಳು ಲೆಕ್ಕ ಹಾಕಿದಳು. ಹಿತ್ತಿಲ ಬಾಗಿಲು ಎಷ್ಟು ದೂರ ಎಂದು ಕಣ್ಣಲ್ಲೇ ಅಳೆದಳು.

ಅತ್ತೆ ಹಿತ್ತಿಲಿನಿಂದ ಕಾಲು ತೊಳೆದುಕೊಂಡು ಒಳಗೆ ಬಂದರು. ಸೊಸೆಯನ್ನು, ಸೌಟನ್ನು, ಆಚೆ ಕೂತ ಮೂವರನ್ನು ಒಂದು ಸುತ್ತು ನೋಡಿದರು.

"ಏನ್ರಪ್ಪಾ, ಹೊಡೆಯೋಕೆ ಬಂದಿದೀರೋ, ಕೂರೋಕೆ ಬಂದಿದೀರೋ? ಹೊಡೆಯೋದಾದ್ರೆ ಬೇಗ ಮುಗಿಸಿ. ಬಾಗಿಲು ಹಾಕ್ಬೇಕು, ಸೊಳ್ಳೆ ಬರ್ತಿವೆ."

ದೊಡ್ಡವನು ಚೇಳು ಕಚ್ಚಿದವನ ಹಾಗೆ ಎದ್ದು ನಿಂತ. "ಹೊಡೆಯೋದಾ? ಅಯ್ಯೋ ಅಮ್ಮಾ! ನೀವು ಮಾತಾಡಿಸ್ತೀರಿ ಅಂತ ಕಾಯ್ತಾ ಕೂತಿದೀವಿ."

"ಬಂದವರು ನೀವು. ಮಾತು ಎತ್ತಬೇಕಾದವರು ನೀವಲ್ವಾ?"

"ಮನೆಯವರು ಮಾತಾಡಿಸೋ ತನಕ ಬಂದವರು ಬಾಯಿ ತೆಗೆಯೋದುಂಟಾ? ತಪ್ಪಾಗಲ್ವಾ?"

ಅತ್ತೆ ಕೆನ್ನೆಗೆ ಕೈಯಿಟ್ಟುಕೊಂಡರು. "ಹಾಗಾದ್ರೆ ನಾನು ಬರದೇ ಇದ್ದಿದ್ರೆ ಬೆಳಗಿನವರೆಗೂ ಹೀಗೇ ಕೂತಿರ್ತಿದ್ರಾ? ಹೇಳಿ, ಹೇಳಿ. ಏನು ಬಂದದ್ದು?"

ದೊಡ್ಡವನು ಅಡುಗೆಮನೆಯ ಕಡೆ ತಿರುಗಿದ. ಗೋದಾಮಿನಲ್ಲಿ ಕಲ್ಲಿನ ಹಾಗಿರುತ್ತಿದ್ದ ಮುಖ ಈಗ ಒದ್ದೆ ಹಿಟ್ಟಿನ ಹಾಗೆ ಸಡಿಲವಾಗಿತ್ತು. "ಅಕ್ಕಾ, ನಿಮ್ಮನ್ನ ಒಂದು ಮಾತು ಕೇಳ್ಬೇಕು. ಅವತ್ತಿಂದ ತಲೆ ಕೊರೀತಿದೆ. ನಾನು ಬಿಡು ಅಂದೆ. ಯಾಕೆ ಬಿಡ್ಲಿಲ್ಲ ನೀವು?"

ಕ್ರೇನಕ್ಕ ಸಂದಿಯಿಂದ ಹೊರಗೆ ಬಂದಳು. "ಬಿಟ್ನಲ್ಲಾ! ಬಿಡು ಅಂದ್ರಿ, ಬಿಟ್ಟೆ."

"ಎಲ್ಲಿ ಬಿಟ್ರಿ? ಇಳಿಸಿದ್ರಿ!"

"ಬಿಡು ಅಂದ್ರೆ ಇಳಿಸೋದಲ್ವಾ? ಕೆಳಗೆ ಬಿಡೋದು!"

"ಬಿಡು ಅಂದ್ರೆ ಬಿಟ್ಬಿಡೋದು! ಮುಟ್ಬೇಡ, ಇದ್ದ ಹಾಗೇ ಇರ್ಲಿ ಅಂತ!"

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮಿಷನ್ನಿನ ಚಕ್ರದ ಮೇಲೆ ಗಂಡನ ಕೈ ನಿಂತುಹೋಯಿತು. ಕ್ರೇನಕ್ಕ ಅಲ್ಲೇ ನೆಲದ ಮೇಲೆ ಕೂತಳು. ಅವನು ಬೆಂಚಿನ ಮೇಲೆ ಕುಸಿದ.

"ನಾನು ಯಾರಿಗೂ ಹೇಳಿಲ್ಲ ಅಕ್ಕಾ" ಅಂದ ಅವನು, ನೆಲ ನೋಡುತ್ತ. "ಬಾಯಿಂದ ನಿಲ್ಸು ಅಂತ ಬರ್ಲಿಲ್ಲ. ಮನೆಯಲ್ಲಿ ಮಗು ಬೆಂಕಿ ಹತ್ರ ಹೋದ್ರೆ ಬಿಡು ಬಿಡು ಅಂತೀವಲ್ಲ, ಅದು ಬಂತು. ನೀವು ಕಂಪನಿಯವರು ಕಳಿಸಿದ ಜನ. ಅವನೇ ತಪ್ಪು ಹೇಳ್ದ ಅಂತ ನೀವು ಬಾಯಿ ಬಿಟ್ರೆ ನನ್ನ ಕಥೆ ಮುಗೀತು ಅಂದ್ಕೊಂಡೆ. ಆಸ್ಪತ್ರೆಗೆ ಬಂದಾಗ ಎದ್ದು ಜಾಗ ಕೊಟ್ವಿ, ನೀವು ತಿರುಗಿ ಹೊರಟುಹೋದ್ರಿ. ಹಿಂದೆಯೇ ಓಡಿ ಬಂದೆ, ನೀವು ನಿಲ್ಲಲೇ ಇಲ್ಲ. ಎಷ್ಟು ಸಿಟ್ಟಿರ್ಬೇಕು ಅಂತ ಅವತ್ತು ನನಗೆ ಜ್ವರ ಬಂತು."

"ನಾನಾ? ಸಿಟ್ಟಾ?" ಅಂದಳು ಕ್ರೇನಕ್ಕ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಒಂದು ವಾರದಿಂದ ಎರಡು ಮನೆಗಳಲ್ಲಿ ಜನ ಒಬ್ಬರಿಗೊಬ್ಬರು ಹೆದರಿ ಅನ್ನ ಬಿಟ್ಟಿದ್ದರು.

ಮುದುಕನಿಗೆ ನಗು ತಡೆಯಲಾಗದೆ ಕೆಮ್ಮು ಬಂತು. ಅತ್ತೆಯೂ ಬಾಯಿಗೆ ಸೆರಗು ಹಿಡಿದರು. ಆಗ ಚಿಕ್ಕವನ ಹೆಂಡತಿ ಮೊದಲ ಸಲ ಮಾತಾಡಿದಳು. ದನಿ ಏರಿಸಲಿಲ್ಲ.

"ನಿಮ್ಮಿಬ್ಬರ ಮಾತು ಒಂದಾಗೋಕೆ ನನ್ನ ಗಂಡನ ಕಾಲು ಬೇಕಾಯ್ತಾ?"

ನಗು ಅಲ್ಲೇ ಸತ್ತುಹೋಯಿತು.  ಅವಳು ಎದ್ದು ಹೊರಗೆ ಹೋಗಿ ರಸ್ತೆಯಲ್ಲಿ ನಿಂತಳು. ಕ್ರೇನಕ್ಕ ಬಾಗಿಲಿನವರೆಗೆ ಹೋದಳು. ಅದರಾಚೆ ಹೋಗಲು ಧೈರ್ಯ ಸಾಲಲಿಲ್ಲ.

ಮರುದಿನ ಆಸ್ಪತ್ರೆಗೆ ಹೋದಳು, ಈ ಸಲ ದೊಡ್ಡವನ ಜೊತೆ. ಎದ್ದು ನಿಂತವರ ನಡುವೆ ನಡೆದು ಹೋಗಿ ಅವರು ಬಿಟ್ಟುಕೊಟ್ಟ ಸ್ಟೂಲಿನ ಮೇಲೆ ಕೂತಳು. ಪಾದದ ಮುಂದಿನ ಅರ್ಧ ಹೋಗಿದೆ, ಹಿಮ್ಮಡಿ ಉಳಿದಿದೆ, ನಡೆಯಬಹುದು ಎಂದು ಡಾಕ್ಟರ್ ಹೇಳಿದ್ದರು. ಬಿಡು ಎಂಬ ಮಾತಿನ ಕಥೆಯನ್ನು ದೊಡ್ಡವನೇ ತಮ್ಮನಿಗೆ ಹೇಳಿದ. ಚಿಕ್ಕವನು ಎಲ್ಲವನ್ನೂ ಕೇಳಿ ಗೋಡೆಯ ಕಡೆ ಮಗ್ಗುಲಾದ. ಕ್ರೇನಕ್ಕ ಬಹಳ ಹೊತ್ತು ಅವನ ಬೆನ್ನು ನೋಡುತ್ತ ಕೂತಿದ್ದು ಎದ್ದು ಬಂದಳು.

ಕಂಪನಿಯವರು ವಿಚಾರಣೆ ಅಂತ ಮಾಡಿದರು. ಇಬ್ಬರೂ ನಡೆದದ್ದನ್ನು ನಡೆದ ಹಾಗೆ ಹೇಳಿದರು. ಸೂಪರ್‌ವೈಸರ್ ಮತ್ತೆ ನೋಡೋಣ ಅಂದಾಗ ಕ್ರೇನಕ್ಕ ಜೀವ ಗಟ್ಟಿ ಮಾಡಿಕೊಂಡು ಕೇಳಿದಳು: "ಸಾರ್, ಇದು ಹೌದು ಅನ್ನೋ ನೋಡೋಣವೋ, ಇಲ್ಲ ಅನ್ನೋ ನೋಡೋಣವೋ?" ಅವನು ತಲೆಯೆತ್ತಿ ನೋಡಿದ. ಯಾರೂ ಅವನನ್ನು ಹಾಗೆ ಕೇಳಿರಲಿಲ್ಲ. "ಸೋಮವಾರ ಬನ್ನಿ" ಅಂದ.

ಸೋಮವಾರ ಅವಳು ಕ್ಯಾಬಿನ್ನಿನಲ್ಲಿ ಕೂತು ಹಿಡಿಕೆ ಹಿಡಿದಳು. ಕೆಳಗಿನಿಂದ ದೊಡ್ಡವನು ಇಳಿಸು ಅಂದ. ಕೈ ಅಲ್ಲಾಡಲಿಲ್ಲ.

"ಇಳಿಸ್ಲಾ?" ಅಂದಳು ವಾಕಿಟಾಕಿಯಲ್ಲಿ.

"ಇಳಿಸು."

"ಸರಪಳಿ ಬಿಗಿಯೋ ಹೊಸಬ ಎಲ್ಲಿದಾನೆ? ಕಾಲು ಎಲ್ಲಿದೆ?"

"ದೂರ ಇದಾನೆ ಅಕ್ಕಾ. ಕಾಲು ಅವನ ಜೊತೆಯಲ್ಲೇ ಇದೆ. ಇಳಿಸು."

ಅಂದಿನಿಂದ ಒಂದೊಂದು ಮಾತಿಗೂ ಮರುಮಾತು ಕೇಳಿದ ಮೇಲೆಯೇ ಹಿಡಿಕೆ ಆಡುತ್ತಿತ್ತು. ಲಾರಿಗಳು ಕಾಯುತ್ತವೆ ಎಂದು ಸೂಪರ್‌ವೈಸರ್ ಗೊಣಗಿದ, ಆಮೇಲೆ ಸುಮ್ಮನಾದ. ಬಿಡು ಎಂಬ ಮಾತನ್ನು ಆ ಗೋದಾಮಿನಲ್ಲಿ ಯಾರೂ ಆಡಬಾರದು ಎಂದು ಅವರೇ ತೀರ್ಮಾನಿಸಿಕೊಂಡರು. ಟೀ ಲೋಟ ಹಿಡಿದವನಿಗೂ ಯಾರೂ ಹಾಗೆ ಹೇಳುತ್ತಿರಲಿಲ್ಲ.

ಭಯ ಹೋಯಿತು ಎಂದರೆ ಸುಳ್ಳಾಗುತ್ತದೆ. ಬೆಂಚಿನಿಂದ ಜನ ಎದ್ದು ಸರಿಯುವುದು ನೆರಳಿನ ಜಾಗವನ್ನು ಅವಳಿಗೆ ಕೊಡಲು ಎಂದು, ಗದ್ದ ಎತ್ತುವುದು ಇಲ್ಲಿಯವರ ನಮಸ್ಕಾರ ಎಂದು ಈಗ ಗೊತ್ತಿತ್ತು. ಡಬ್ಬಿ ತೊಳೆದು ತಂದಿಟ್ಟವನು ದೊಡ್ಡವನೇ ಎಂದೂ ಗೊತ್ತಾಯಿತು. ಒಳಗೆ ಕರೆಯುತ್ತಾರೋ ಇಲ್ಲವೋ ಎಂದು ಹೆದರಿ ಬಾಗಿಲು ಬಡಿದು ಓಡಿಹೋಗಿದ್ದನಂತೆ. ಆದರೂ ನಾಲ್ಕು ಜನ ಒಟ್ಟಿಗೆ ತಿರುಗಿ ನೋಡಿದರೆ ಎದೆ ಧಸಕ್ ಅನ್ನುತ್ತಿತ್ತು. ತನಗೆ ಗೊತ್ತಿಲ್ಲದ ಇನ್ನೆಷ್ಟು ಮಾತುಗಳು ಎಲ್ಲೆಲ್ಲಿ ಕಾದು ಕೂತಿವೆಯೋ ಎಂಬ ಯೋಚನೆ ಅವಳನ್ನು ಅಡುಗೆ ಮಾಡುವಾಗಲೂ ನಿಲ್ಲಿಸಿಬಿಡುತ್ತಿತ್ತು.

ಮಳೆಗಾಲ ಕಳೆದು ಚಿಕ್ಕವನು ಕೆಲಸಕ್ಕೆ ಬಂದ. ಒಳಗೆ ಬಟ್ಟೆ ತುಂಬಿದ ಬೂಟು ಹಾಕಿಕೊಂಡು ಓರೆಯಾಗಿ ನಡೆಯುತ್ತಿದ್ದ. ಸರಪಳಿಯ ಕೆಲಸ ಆಗುತ್ತಿರಲಿಲ್ಲ. ಸ್ಟೋರ್ ರೂಮಿನಲ್ಲಿ ಕೂರಿಸಿದರು. ಕ್ರೇನಕ್ಕ ಎದುರಾದರೆ ಗದ್ದವನ್ನೂ ಎತ್ತುತ್ತಿರಲಿಲ್ಲ. ಅವನ ಹೆಂಡತಿ ಸಂಜೆ ಗೇಟಿನ ಹತ್ತಿರ ಕಾಯುತ್ತಿದ್ದಳು. ಅವಳ ಕಣ್ಣು ತಪ್ಪಿಸಲು ಕ್ರೇನಕ್ಕ ಹಿಂದಿನ ಬಾಗಿಲಿನಿಂದ ಹೋಗುತ್ತಿದ್ದಳು.

ಹೀಗೇ ಬಹಳ ತಿಂಗಳು. ಒಂದು ದಿನ ಊಟದ ಬಿಡುವಿನಲ್ಲಿ ಅವಳು ಏಣಿಯ ಬುಡಕ್ಕೆ ಬಂದಾಗ ಚಿಕ್ಕವನು ಅಲ್ಲಿ ನಿಂತಿದ್ದ.

"ಮೇಲೆ ಹೋಗ್ಬೇಕು" ಅಂದ.

"ಯಾಕೆ?"

"ನೋಡ್ಬೇಕು. ನಾನು ನಿಂತಿದ್ದ ಜಾಗ ನಿಮಗೆ ಕಾಣ್ತಿತ್ತಾ ಇಲ್ವಾ ಅಂತ ನೋಡ್ಬೇಕು."

 ಕಾಣಿಸಿಬಿಟ್ಟರೆ? ತಾನು ಇಷ್ಟು ದಿನ ಕಾಣುತ್ತಿರಲಿಲ್ಲ ಎಂದು ಹೇಳಿಕೊಂಡು ಬಂದದ್ದು, ವಿಚಾರಣೆಯಲ್ಲಿ ಹೇಳಿದ್ದು, ಸುಳ್ಳೆಂದು ತಿಳಿದುಬಿಟ್ಟರೆ? ಬೇಡ ಅನ್ನಬಹುದಿತ್ತು. "ಹತ್ತಿ. ನಾನು ಹಿಂದೆಯೇ ಬರ್ತೀನಿ" ಅಂದಳು.

ಅವನು ತೋಳಿನ ಬಲದಲ್ಲೇ ಹತ್ತಿದ. ಒಂದೊಂದು ಮೆಟ್ಟಿಲಿಗೂ ಕೆಟ್ಟ ಕಾಲು ಅವಳ ಮುಖದ ಮುಂದೆ ತೂಗುತ್ತಿತ್ತು. ಕ್ಯಾಬಿನ್ನಿನಲ್ಲಿ ಅವಳ ಸೀಟಿನ ಮೇಲೆ ಕೂತು ಗಾಜಿಗೆ ಹಣೆ ಹಚ್ಚಿದ. ಹಿಂದಿನ ಅಟ್ಟಿ ಅವತ್ತಿನ ಎತ್ತರಕ್ಕೇ ಇತ್ತು. ಬಗ್ಗಿದ. ಪಕ್ಕಕ್ಕೆ ವಾಲಿದ. ಎದ್ದು ನಿಂತು ನೋಡಿದ. ಅವಳು ಬಾಗಿಲಿಗೆ ಒರಗಿದ್ದಳು.

"ಕಾಣಲ್ಲ" ಅಂದ ಕೊನೆಗೆ.

"ಕಾಣಲ್ಲ."

"ಪೈಪು ಮಾತ್ರ ಕಾಣುತ್ತೆ."

"ಅಷ್ಟೇ ಕಾಣೋದು."

ಅವನು ತಲೆಯಾಡಿಸಿದ.  ಇಳಿಯಲು ಬಾಗಿಲಿಗೆ ಬಂದವನು ಕೆಳಗೆ ನೋಡಿದ್ದೇ, ಎರಡೂ ಕೈಯಲ್ಲಿ ಕಂಬಿ ಹಿಡಿದು ಅಲ್ಲೇ ಕಂಬವಾದ. ಹತ್ತುವಾಗ ಮೇಲೆ ನೋಡಿದ್ದ; ಕೆಳಗೆ ಇಷ್ಟೊಂದು ಆಳವಿದೆ ಎಂದು ಅವನಿಗೆ ಗೊತ್ತಿರಲಿಲ್ಲ. ಮುಖದಲ್ಲಿ ರಕ್ತವಿರಲಿಲ್ಲ.

"ಆಗಲ್ಲ" ಅಂದ. "ಇಳಿಯಕ್ಕಾಗಲ್ಲ ನನಗೆ."

ಆ ದನಿಯನ್ನು ಅವಳು ಬಲ್ಲಳು. ಇಷ್ಟು ದಿನ ಅವಳ ಒಳಗೇ ಇದ್ದ ದನಿ ಅದು. ಅವನನ್ನು ದಾಟಿ ಮೊದಲು ತಾನು ಏಣಿಗೆ ಇಳಿದಳು. ಎರಡು ಮೆಟ್ಟಿಲು ಕೆಳಗೆ ನಿಂತು ಒಂದು ಕೈಯಲ್ಲಿ ಕಂಬಿ ಹಿಡಿದು ಇನ್ನೊಂದನ್ನು ಮೇಲೆ ಚಾಚಿದಳು.

"ಕೆಳಗೆ ನೋಡ್ಬೇಡಿ. ಗೋಡೆ ನೋಡಿ. ಎಡಗಾಲು ಕೊಡಿ."

"ಅದರಲ್ಲಿ ಮೆಟ್ಟಿಲು ಗೊತ್ತಾಗಲ್ಲ."

"ಗೊತ್ತಾಗೋದು ಬೇಡ. ನನ್ನ ಕೈಗೆ ಕೊಡಿ. ನಾನು ಇಡ್ತೀನಿ."

ಬೂಟು ಅವಳ ಅಂಗೈಗೆ ಬಂತು. ಮುಂದಿನ ಅರ್ಧ ಹಗುರವಾಗಿತ್ತು, ಬಟ್ಟೆ ಮಾತ್ರ. ಅವಳು ಹಿಮ್ಮಡಿಯನ್ನು ಹಿಡಿದು ಮೆಟ್ಟಿಲಿನ ಮೇಲೆ ಇಟ್ಟು ಒತ್ತಿದಳು. "ಇಟ್ಟಿದೀನಿ. ಭಾರ ಹಾಕ್ಲಾ ಅಂತ ಕೇಳಿ."

"ಹಾಕ್ಲಾ?"

"ಹಾಕಿ."

ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿದರು. ನಡುವೆ ಒಮ್ಮೆ ಅವನ ಕೈ ಬೆವರಿಗೆ ಜಾರಿತು. ಅವಳ ಹೆಗಲ ಮೇಲೆ ಅವನ ಇಡೀ ಭಾರ ಬಿತ್ತು. ಕಣ್ಣು ಕತ್ತಲೆ ಬಂತು. ಮುಗಿಯಿತು ಎಂದುಕೊಂಡಳು, ಮುಗಿಯಲಿಲ್ಲ. ಕೆಳಗೆ ಊಟ ಬಿಟ್ಟು ಬಂದ ಜನ ಎಂದಿನ ಹಾಗೆ ಬಾಯಿ ಮುಚ್ಚಿಕೊಂಡು ನಿಂತಿದ್ದರು. ದೊಡ್ಡವನು ಮಾತ್ರ ಏಣಿಯ ಬುಡವನ್ನು ಎರಡೂ ಕೈಯಲ್ಲಿ ಹಿಡಿದಿದ್ದ, ಅದು ಗೋಡೆಗೆ ಬೆಸುಗೆ ಹಾಕಿದ ಏಣಿಯಾದರೂ.

ನೆಲ ಸಿಕ್ಕಿದ ಮೇಲೆ ಚಿಕ್ಕವನು ಗೋಡೆಗೆ ಒರಗಿ ಕೂತುಬಿಟ್ಟ. ಅವಳೂ ಪಕ್ಕದಲ್ಲಿ ಕೂತಳು.  ಅವನು ತೋಳಿನಿಂದ ಮುಖ ಒರೆಸಿಕೊಂಡು ಗೇಟಿನ ಕಡೆ ನೋಡಿ, ದನಿ ತಗ್ಗಿಸಿ ಹೇಳಿದ.

"ಅಕ್ಕಾ, ಇದನ್ನ ನನ್ನ ಹೆಂಡತಿಗೆ ಹೇಳ್ಬೇಡಿ. ಏಣಿ ಹತ್ತಿದ್ದು ಗೊತ್ತಾದ್ರೆ ಇನ್ನೊಂದು ಕಾಲು ಅವಳೇ ಮುರೀತಾಳೆ."

ಇದಕ್ಕೆ ಇಲ್ಲಿ ನಗಬಹುದೋ, ಬೇಡವೋ? ತಿಳಿಯದೆ ಕ್ರೇನಕ್ಕ ದಿಗಿಲಿನಿಂದ ಅವನ ಮುಖ ನೋಡಿದಳು. ಅವನೇ ಮೊದಲು ನಕ್ಕ.